ಮೂರು ವರ್ಷ ನಿಂತ ಟಾಟಾ 207: ಎಂಜಿನ್ ಬಿಚ್ಚುವ ಮೊದಲು ಟ್ಯಾಂಕ್ ಬಿಚ್ಚಿ

ಪ್ರಶ್ನೆ: ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ಅಪ್ಪ ಓಡಿಸುತ್ತಿದ್ದ 2007ರ ಟಾಟಾ 207 ಡಿಐ ಪಿಕಪ್ ಮೂರು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ನಿಲ್ಲಿಸುವ ಮುಂಚೆಯೇ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು, ಬಿಳಿ ಹೊಗೆ ಬಿಡುತ್ತಿತ್ತು, ತೆಂಗಿನಕಾಯಿ ತುಂಬಿದರೆ ಏರು ಹತ್ತುತ್ತಿರಲಿಲ್ಲ. ಬಂದು ನೋಡಿದ ಮೆಕ್ಯಾನಿಕ್ ‘ಪಂಪ್ ಬಿಚ್ಚಬೇಕು, ಎಂಜಿನ್ ಬೋರ್ ಮಾಡಿಸಬೇಕು’ ಅಂದರು. ಅಷ್ಟು ದುಡ್ಡು ಈಗ ಇಲ್ಲ. ಬೈಕಿನ ಆಯಿಲ್ ಬದಲಿಸುವುದು ಬಿಟ್ಟರೆ ನನಗೆ ಬೇರೆ ಕೆಲಸ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಟ್ಯಾಂಕಿನಿಂದ. ನೀವು ಹೇಳಿದ ಮೂರೂ ಲಕ್ಷಣ ಡೀಸೆಲ್ ಬರುವ ದಾರಿಯ ಕಡೆಗೇ ಬೆರಳು ತೋರಿಸುತ್ತಿವೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಮಾತ್ರ ಸತಾಯಿಸಿ, ಒಮ್ಮೆ ಹಿಡಿದ ಮೇಲೆ ದಿನವಿಡೀ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು ಎಂದಾದರೆ, ಎಲ್ಲೋ ಒಂದು ಪೈಪಿನ ಸಂದಿಯಲ್ಲಿ ಗಾಳಿ ಸೇರಿಕೊಂಡು ಡೀಸೆಲ್ ಟ್ಯಾಂಕಿಗೆ ಮರಳಿ ಇಳಿಯುತ್ತಿತ್ತು ಎಂದು ಅನುಮಾನಿಸಬಹುದು. ಖಾಲಿ ಓಡುವ ಗಾಡಿ ಲೋಡಿನಲ್ಲಿ ಉಸಿರು ಬಿಟ್ಟರೆ ಫಿಲ್ಟರ್ ಕಟ್ಟಿಕೊಂಡಿರುವುದೇ ಹೆಚ್ಚು. ಬಿಳಿ ಹೊಗೆ ಎಂದರೆ ಉರಿಯದೆ ಹೊರಬಿದ್ದ ಡೀಸೆಲ್. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ) ಸವೆದ ಎಂಜಿನ್ನಿನ ಚಾಳಿ ಬೇರೆ: ನೀಲಿ ಹೊಗೆ, ಕಡಿಮೆಯಾಗುತ್ತಲೇ ಹೋಗುವ ಆಯಿಲ್, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಭುಸುಗುಟ್ಟುವ ಗಾಳಿ. ಹಾಗಂತ ಎಂಜಿನ್ ಪೂರ್ತಿ ಸರಿ ಇದೆ ಎಂದು ಇಲ್ಲಿಂದಲೇ ಹೇಳಲಾಗದು. ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಅದುಮಿದಾಗ ಏಳುವ ಒತ್ತಡ) ಬಿದ್ದರೂ ತಣ್ಣಗಿದ್ದಾಗ ಬಿಳಿ ಹೊಗೆ ಬರುತ್ತದೆ. ಆದರೆ ಸಾವಿರದಲ್ಲಿ ಮುಗಿಯುವುದನ್ನು ಮೊದಲು ಮುಗಿಸಿ, ಲಕ್ಷದ ಮಾತನ್ನು ಅಳತೆ ಕೈಗೆ ಸಿಕ್ಕ ಮೇಲೆ ಆಡೋಣ.

ಹೊಸಬರಿಗೆ ಇದು ಒಳ್ಳೆಯ ಗಾಡಿ. 497 ಎಂಬ ಎಂಜಿನ್ ಹೆಸರಿನಲ್ಲೇ ಲೆಕ್ಕವಿದೆ: 4 ಸಿಲಿಂಡರ್, 97 ಮಿ.ಮೀ. ಬೋರ್. ಒಟ್ಟು 2956 ಸಿಸಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಕಾಟವಿಲ್ಲ. ಸೆಲ್ಫ್ ಮೋಟಾರಿಗೆ ಕರೆಂಟ್ ಬೇಕು, ಸಿಲಿಂಡರುಗಳಿಗೆ ಡೀಸೆಲ್ ಒತ್ತಿ ಕೊಡುವ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ (ಕೀಲಿ ತೆಗೆದಾಗ ಡೀಸೆಲ್ ತಡೆಯುವ ವಿದ್ಯುತ್ ಕವಾಟ) ಇದ್ದರೆ ಅದಕ್ಕೂ ಬೇಕು. ಅದು ಬಿಟ್ಟರೆ ಶುದ್ಧ ಡೀಸೆಲ್, ಗಾಳಿ, ಕಂಪ್ರೆಷನ್ ಇಷ್ಟೇ ಕೇಳುವ ಎಂಜಿನ್.

ಕೈಯಲ್ಲಿ 8ರಿಂದ 24ರವರೆಗಿನ ರಿಂಗ್ ಮತ್ತು ಡಬಲ್ ಎಂಡ್ ಪಾನಾ, ಒಂದು ಸಾಕೆಟ್ ಸೆಟ್, ಫೀಲರ್ ಗೇಜ್ (ಸಣ್ಣ ಸಂದಿ ಅಳೆಯುವ ತೆಳು ಬ್ಲೇಡುಗಳು), ಅಗ್ಗದ ಮಲ್ಟಿಮೀಟರ್, ಗ್ರೀಸ್ ಗನ್, ಎರಡು ಗಟ್ಟಿ ಆ್ಯಕ್ಸಲ್ ಸ್ಟ್ಯಾಂಡ್ ಇದ್ದರೆ ಸಾಕು. ಸ್ಟ್ಯಾಂಡ್ ಇಲ್ಲದೆ ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸಿಮೆಂಟ್ ಇಟ್ಟಿಗೆ ಪೇರಿಸಿ ನಿಲ್ಲಿಸುವುದೂ ಬೇಡ, ಅವು ಹೇಳದೆ ಕೇಳದೆ ಸಿಡಿಯುತ್ತವೆ.

ಕೀಲಿ ತಿರುಗಿಸುವ ಆಸೆಯನ್ನು ಒಂದೆರಡು ದಿನ ತಡೆದುಕೊಳ್ಳಿ. ಮೊದಲು ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಇಲಿಗಳು ತೆಂಗಿನ ನಾರು, ಬಟ್ಟೆ ಚೂರು ತಂದು ಅಲ್ಲೇ ಗೂಡು ಮಾಡಿರುತ್ತವೆ. ಅದೆಲ್ಲ ಸ್ಟಾರ್ಟ್ ಮಾಡಿದ ಮೊದಲ ಕ್ಷಣದಲ್ಲೇ ಸಿಲಿಂಡರಿಗೆ ಹೋಗುತ್ತದೆ. ಸೈಲೆನ್ಸರ್ ಬಾಯಿಯಲ್ಲಿ, ಟ್ಯಾಂಕಿನ ಗಾಳಿ ಕೊಳವೆಯಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿದೆಯೇ ನೋಡಿ. ವೈರಿಂಗ್ ಉದ್ದಕ್ಕೂ ಕೈಯಾಡಿಸಿ, ಕಡಿದ ಜಾಗಕ್ಕೆ ಟೇಪ್ ಸುತ್ತುವ ಬದಲು ತುಂಡು ವೈರ್ ಬೆಸೆದು ಸ್ಲೀವ್ ಹಾಕಿ.

ಆಮೇಲೆ ಕೈಯಿಂದ ಎಂಜಿನ್ ತಿರುಗಿಸಿ ನೋಡಬೇಕು. ಗೇರ್ ನ್ಯೂಟ್ರಲ್, ಬ್ಯಾಟರಿ ವೈರ್ ಬಿಚ್ಚಿರಲಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಕೆಯ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ಎರಡು ಪೂರ್ತಿ ಸುತ್ತು. ಪ್ರತಿ ಅರ್ಧ ಸುತ್ತಿಗೆ ಒಮ್ಮೆ ಬಿಗಿಯಾಗಿ, ತುಸು ಹೊತ್ತು ಹಿಡಿದರೆ ಸಡಿಲವಾಗುತ್ತದೆ. ಅದೇ ಕಂಪ್ರೆಷನ್, ಅದು ನಾಲ್ಕು ಸಲವೂ ಹೆಚ್ಚು ಕಡಿಮೆ ಒಂದೇ ಬಿಗಿಯಲ್ಲಿ ಕೈಗೆ ಸಿಗಬೇಕು. ಒಂದು ಕಡೆ ಗಕ್ಕನೆ ನಿಂತರೆ ಬಲ ಹಾಕಬೇಡಿ. ನಾಲ್ಕೂ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ತೆಗೆದು ಪ್ರತಿ ಸಿಲಿಂಡರಿಗೆ 5 ಮಿ.ಲೀ.ನಷ್ಟು ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಟ್ಟು, ಮರುದಿನ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ‘ಇನ್ನಷ್ಟು ಹಾಕೋಣ’ ಎಂದು ಆಯಿಲ್ ಸುರಿದರೆ ಸ್ಟಾರ್ಟ್ ಮಾಡುವಾಗ ಅದನ್ನು ಹಿಚುಕಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಈಗ ಟ್ಯಾಂಕ್. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ, ಮೊದಲು ಬೀಳುವ ಅರ್ಧ ಲೀಟರನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಅಲುಗಿಸದೆ ಇಡಿ. ತಳದಲ್ಲಿ ನೀರಿನ ಪದರ ಬೇರೆಯಾಗಿ ಕಾಣುತ್ತದೆ. ಅದರ ಮತ್ತು ಡೀಸೆಲ್ಲಿನ ನಡುವೆ ಕಂದು ಬಣ್ಣದ ಲೋಳೆ ತೇಲುತ್ತಿದ್ದರೆ ಅದು ನೀರು ಸೇರಿದ ಡೀಸೆಲ್ಲಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಹಾವಸೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ಹಗಲಿನ ತಂಪು ಬಿಸಿಗೆ ಒಳಗೋಡೆ ಬೆವರುತ್ತದೆ, ನೀರು ಬರುವುದೇ ಹಾಗೆ. ಲೋಳೆಯೂ ತುಕ್ಕೂ ಸೇರಿ ಒಳಗಿನ ಜಾಲರಿ ಕಟ್ಟುತ್ತದೆ, ಫಿಲ್ಟರ್ ದಾಟಿದ ನೀರು ಪಂಪಿನ ನುಣುಪು ಭಾಗಗಳನ್ನು ತಿನ್ನುತ್ತದೆ. ಮೂರು ವರ್ಷದ ಡೀಸೆಲ್ ಪೂರ್ತಿ ಹೊರಗೆ ಬರಲಿ. ಸೋಸಿ ಮತ್ತೆ ಹಾಕುವ ಉಳಿತಾಯ ಬೇಡ, ಬಿಡಿಭಾಗ ತೊಳೆಯಲು ಇಟ್ಟುಕೊಳ್ಳಿ. ಟ್ಯಾಂಕ್ ಇಳಿಸಿ, ಗೇಜಿನ ಫ್ಲೋಟ್ ತೆಗೆದು, ಆ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ತುಕ್ಕಿನ ಹಕ್ಕಳೆ ಎದ್ದಿದ್ದರೆ ರೇಡಿಯೇಟರ್ ಅಂಗಡಿಯಲ್ಲಿ ತೊಳೆದು ಕೊಡುತ್ತಾರೆ. ತೂತು ಬಿದ್ದಿದ್ದರೂ ನೀವೇ ವೆಲ್ಡಿಂಗ್‌ಗೆ ಕೈ ಹಾಕಬೇಡಿ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ.

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಚಿಕ್ಕ ಪಂಪ್) ರಬ್ಬರ್ ಪೈಪ್ ಎಲ್ಲವನ್ನೂ ಬದಲಿಸಿ. ಬಾಗಿಸಿದಾಗ ಕೂದಲೆಳೆ ಬಿರುಕು ಕಂಡರೆ ಅದರ ಆಯಸ್ಸು ಮುಗಿದಿದೆ. ಇಲ್ಲಿ ಒಂದು ವಿಚಿತ್ರ ಗಮನಿಸಿ: ಈ ಪೈಪಿನಲ್ಲಿ ಡೀಸೆಲ್ ಎಳೆಯಲ್ಪಡುತ್ತದೆ, ಒತ್ತಲ್ಪಡುವುದಿಲ್ಲ. ಹಾಗಾಗಿ ಸಂದಿ ಬಿಟ್ಟರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಣಗಿರುವ ಪೈಪನ್ನು ನೋಡಿ ‘ಲೀಕ್ ಇಲ್ಲ’ ಎಂದು ಬಿಟ್ಟುಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ಬ್ಯಾಂಜೋ ಬೋಲ್ಟುಗಳ (ಡೀಸೆಲ್ ಹರಿಯಲು ನಡುವೆ ತೂತಿರುವ ಬೋಲ್ಟು) ತಾಮ್ರದ ವಾಷರ್‌ಗಳನ್ನೂ ಹೊಸದಾಗಿ ಹಾಕಿ, ಚಿಲ್ಲರೆ ಕಾಸಿನ ಬಾಬತ್ತು. ಡೀಸೆಲ್ ಫಿಲ್ಟರ್ ಎರಡಿದ್ದರೆ ಎರಡೂ ಹೊಸದು.

ಇಷ್ಟಾದ ಮೇಲೆ ಏರ್ ತೆಗೆಯುವ ಕೆಲಸ. 10 ಲೀಟರ್ ಹೊಸ ಡೀಸೆಲ್ ಹಾಕಿ. ಫಿಲ್ಟರ್ ತಲೆಯ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಹ್ಯಾಂಡ್ ಪ್ರೈಮರ್ (ಡೀಸೆಲ್ ತುಂಬಿಸುವ ಕೈ ಪಂಪ್) ಒತ್ತುತ್ತಾ ಹೋಗಿ. ಮೊದಲು ಏನೂ ಬರುವುದಿಲ್ಲ, ಆಮೇಲೆ ಸೋಡಾ ಬುರುಗಿನಂತೆ ನೊರೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಎಳೆಯಾಗಿ ಹರಿಯುತ್ತದೆ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ, ಕೈ ಬಿಟ್ಟ ಮೇಲೆ ಬಿಗಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಹಾಗೆಯೇ ಪಂಪಿನ ಸ್ಕ್ರೂನಲ್ಲೂ ಮಾಡಿ. ಐವತ್ತು ಅರವತ್ತು ಸಲ ಒತ್ತಿದರೂ ನೊರೆ ನಿಲ್ಲದಿದ್ದರೆ ಗಾಳಿ ಬರುವ ಸಂದಿ ಇನ್ನೂ ಉಳಿದಿದೆ ಎಂದರ್ಥ, ಮುಂದೆ ಹೋಗಬೇಡಿ.

ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ನೋಡಿ. ಡಿಪ್‌ಸ್ಟಿಕ್ಕಿನಲ್ಲಿ ಕಾಫಿ ಬಣ್ಣದ ಹಾಲುಹಾಲು ಇದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಅನುಮಾನ. ಮಟ್ಟ ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಪಂಪಿನ ಕಡೆಯಿಂದ ಡೀಸೆಲ್ ಇಳಿಯುತ್ತಿದೆ. ಎರಡೂ ಇಲ್ಲದಿದ್ದರೂ ಹಳೆಯದನ್ನು ಇಳಿಸಿ 15ಡಬ್ಲ್ಯೂ-40 ಡೀಸೆಲ್ ಎಂಜಿನ್ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿ. ತೀರಾ ದುಬಾರಿ ಆಯಿಲ್ ಈಗ ಬೇಡ, ಇದು 500 ಕಿ.ಮೀ.ಗೇ ಬದಲಾಗುವುದು. ಒಳಗಿನ ಹಳೇ ಕೊಳೆಯನ್ನು ತೊಳೆದು ತರುವುದಷ್ಟೇ ಇದರ ಕೆಲಸ.

ಮೂರು ವರ್ಷ ಚಾರ್ಜ್ ಕಾಣದ ಬ್ಯಾಟರಿ ಬದುಕಿ ಬರುವುದು ಅಪರೂಪ. ಹಳೆಯದರ ಮೇಲೆ ಬರೆದಷ್ಟೇ ಆ್ಯಂಪಿಯರಿನ 12 ವೋಲ್ಟ್ ಬ್ಯಾಟರಿ ತನ್ನಿ. ಪೂರ್ತಿ ಚಾರ್ಜ್ ಆಗಿ ನಿಂತಾಗ 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಸೆಲ್ಫ್ ಸೋಮಾರಿಯಾಗಿ ತಿರುಗಿದರೆ ಅದನ್ನು ಬಿಚ್ಚುವ ಮೊದಲು ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ. ಉಜ್ಜಿ ಬಿಗಿದರೆ ಎಷ್ಟೋ ‘ಕೆಟ್ಟ ಸೆಲ್ಫ್’ಗಳು ಅಲ್ಲಿಗೇ ಸರಿಯಾಗುತ್ತವೆ.

ಮೊದಲ ತಿರುವು ಡೀಸೆಲ್ ಇಲ್ಲದೆ. ಸ್ಟಾಪ್ ಕೇಬಲ್ ಎಳೆದು ಹಿಡಿದು, ಸೊಲೆನಾಯ್ಡ್ ಇದ್ದರೆ ಅದರ ವೈರ್ ತೆಗೆದು, 10 ಸೆಕೆಂಡ್ ಸೆಲ್ಫ್ ಹೊಡೆಸಿ, ಒಂದು ನಿಮಿಷ ಬಿಡಿ. ಮೂರ್ನಾಲ್ಕು ಸಲಕ್ಕೆ ಆಯಿಲ್ ದೀಪ ಆರಬೇಕು. ಒಣಗಿದ ಬೇರಿಂಗಿಗೆ ಆಯಿಲ್ ತಲುಪಿತು ಎಂಬುದಕ್ಕೆ ಅದೇ ಸಾಕ್ಷಿ. ಆಮೇಲೆ ಎರಡು ಇಂಜೆಕ್ಟರಿನ ಪೈಪ್ ನಟ್ಟು, ಸಾಮಾನ್ಯವಾಗಿ 17 ಅಥವಾ 19ರ ಪಾನಾ, ಸಡಿಲಿಸಿ ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮತೊಡಗಿದ ಕೂಡಲೇ ಬಿಗಿ ಮಾಡಿ. ಆ ಚಿಮ್ಮುವಿಕೆಗೆ ಬೆರಳು ಅಡ್ಡ ಇಡಬೇಡಿ. ಅಲ್ಲಿರುವುದು ಚರ್ಮ ತೂರಿ ಒಳಗೆ ಹೋಗುವಷ್ಟು ಒತ್ತಡ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಂಜಿನ್ ಹಿಡಿಯುವ ಈ ಹೊತ್ತಿಗೆ ಏರ್ ಪೈಪಿನ ಬಾಯಿಗೆ ಪೂರ್ತಿ ಮುಚ್ಚುವಂಥ ಒಂದು ಪ್ಲೈವುಡ್ ತುಂಡು ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ. ಪಂಪಿನ ಒಳಗೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಸರಳು, ಅಂದರೆ ರ‍್ಯಾಕ್ ಅಂಟಿಕೊಂಡಿದ್ದರೆ ಎಂಜಿನ್ ಹಿಡಿದದ್ದೇ ತಡ ಕಿರುಚುತ್ತಾ ಏರುತ್ತದೆ, ಕೀಲಿ ತೆಗೆದರೂ ನಿಲ್ಲುವುದಿಲ್ಲ. ಹಲಗೆ ಮುಚ್ಚಿದರೆ ಗಾಳಿಯಿಲ್ಲದೆ ನಿಲ್ಲುತ್ತದೆ. ಕೈಯಿಂದಲೋ ಬಟ್ಟೆಯಿಂದಲೋ ಮುಚ್ಚಲು ಹೋಗಬೇಡಿ, ಎಳೆದುಕೊಂಡುಬಿಡುತ್ತದೆ. ಇನ್ನೊಂದು ಮಾತು: ಹಿಡಿಯಲು ತಡವಾದರೆ ಯಾರಾದರೂ ಬಟ್ಟೆಗೆ ಬೆಂಕಿ ಹಚ್ಚಿ ಏರ್ ಪೈಪಿಗೆ ಹಿಡಿಯೋಣ, ಇಲ್ಲ ಪೆಟ್ರೋಲ್ ಚಿಮುಕಿಸೋಣ, ಟ್ರ್ಯಾಕ್ಟರಿಗೆ ಕಟ್ಟಿ ಎಳೆಯೋಣ ಎನ್ನುತ್ತಾರೆ. ಮೂರಕ್ಕೂ ಒಪ್ಪಬೇಡಿ. ಪಿಸ್ಟನ್ ಮೇಲೆ ಬರುವ ಮೊದಲೇ ಪೆಟ್ರೋಲ್ ಸಿಡಿದು ರಿಂಗ್ ಮುರಿಯುತ್ತದೆ, ಎಳೆಸಿದ ಗಾಡಿಗೆ ಬ್ರೇಕ್ ಇದೆಯೋ ಇಲ್ಲವೋ ನಿಮಗಿನ್ನೂ ಗೊತ್ತಿಲ್ಲ.

ಹಿಡಿದ ಐದು ಸೆಕೆಂಡಿನೊಳಗೆ ಆಯಿಲ್ ದೀಪ ಆರದಿದ್ದರೆ ನಿಲ್ಲಿಸಿ. ಆರಿದರೆ ಹತ್ತು ನಿಮಿಷ ಐಡಲ್‌ನಲ್ಲೇ ಬಿಡಿ, ರೇಸ್ ಮಾಡುವುದು ಬೇಡ. ಮೊದಲ ಕೆಲವು ನಿಮಿಷದ ಹೊಗೆ ನೋಡಿ ಗಾಬರಿಯಾಗಬೇಡಿ. ಎಂಜಿನ್ ಬಿಸಿಯಾದ ಮೇಲೂ ಉಳಿದ ಹೊಗೆಗೆ ಮಾತ್ರ ಬೆಲೆ ಕೊಡಿ. ಬಿಸಿಯಾದರೂ ಬಿಳಿ ಹೊಗೆ, ಜೊತೆಗೆ ರೇಡಿಯೇಟರಿನಲ್ಲಿ ಗುಳ್ಳೆ ಎದ್ದು ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಕರಿ ಹೊಗೆಯಾದರೆ ಏರ್ ಫಿಲ್ಟರ್ ಅಥವಾ ನಾಝಲ್ (ಇಂಜೆಕ್ಟರಿನ ತುದಿ). ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಆದರೆ ಕೂತಲ್ಲೇ ಕೂತು ಅಂಟಿಕೊಂಡ ರಿಂಗ್‌ಗಳು ನಾಲ್ಕೈದು ಗಂಟೆ ಓಡಿದ ಮೇಲೆ ಬಿಡಿಸಿಕೊಳ್ಳುವುದುಂಟು, ಹಾಗಾಗಿ ನೀಲಿಗೆ ತೀರ್ಪು ಅವತ್ತೇ ಕೊಡಬೇಡಿ.

ಮಿಸ್ಸಿಂಗ್ (ಯಾವುದೋ ಸಿಲಿಂಡರ್ ಉರಿಯದೆ ತಪ್ಪುವುದು) ಇದ್ದರೆ ಐಡಲ್‌ನಲ್ಲಿ ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ಟು ಅರ್ಧ ಸುತ್ತು ಸಡಿಲಿಸಿ ನೋಡಿ, ಪಾನಾದ ತುದಿಗೆ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ. ಸಡಿಲಿಸಿದಾಗ ಎಂಜಿನ್ ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಏನೂ ಬದಲಾಗದಿದ್ದರೆ ಕಳ್ಳ ಅದೇ. ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ ಹಾಕಿ. ದೋಷ ಅದರ ಹಿಂದೆಯೇ ಹೋದರೆ ನಾಝಲ್ ಕೆಟ್ಟಿದೆ, ಅಲ್ಲೇ ಉಳಿದರೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಗ್ಯಾಪ್), ವಾಲ್ವ್ ಅಥವಾ ಕಂಪ್ರೆಷನ್. ಇಂಜೆಕ್ಟರ್ ಮತ್ತೆ ಹಾಕುವಾಗ ಹಳೇ ತಾಮ್ರದ ವಾಷರ್ ಕೆಳಗೇ ಅಂಟಿಕೊಂಡಿರುತ್ತದೆ, ತಂತಿ ಬಗ್ಗಿಸಿ ಅದನ್ನು ತೆಗೆಯಿರಿ. ಅದರ ಮೇಲೆಯೇ ಹೊಸದು ಕೂರಿಸಿದರೆ ನಾಝಲ್ ಮೇಲೇರಿ, ಡೀಸೆಲ್ ಪಿಸ್ಟನ್ ಬಟ್ಟಲಿನಲ್ಲಿ ಬೀಳಬೇಕಾದ ಜಾಗಕ್ಕೆ ಬೀಳದೆ ಕರಿ ಹೊಗೆ ಕಾರುತ್ತದೆ.

ಇಷ್ಟಾದರೂ ಎಳೆತವಿಲ್ಲ ಎಂದರೆ ಪಂಪ್ ಬಿಚ್ಚಿಸುವ ಮೊದಲು ಕ್ಯಾನ್ ಪರೀಕ್ಷೆ ಮಾಡಿ. 5 ಲೀಟರಿನ ಶುದ್ಧ ಕ್ಯಾನನ್ನು ಫೀಡ್ ಪಂಪಿಗಿಂತ ಮೇಲೆ, ಬಿಸಿ ಸೈಲೆನ್ಸರಿನಿಂದ ದೂರ ಕಟ್ಟಿ, ಪಾರದರ್ಶಕ ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಡಿ. ವಾಪಸ್ ಬರುವ ಪೈಪನ್ನೂ ಅದೇ ಕ್ಯಾನಿಗೆ ಬಿಡಬೇಕು, ಇಲ್ಲವಾದರೆ ಕ್ಯಾನ್ ಬೇಗ ಖಾಲಿಯಾಗಿ ಮತ್ತೆ ಏರ್ ಹಿಡಿಯುತ್ತದೆ. ನಿಂತಲ್ಲೇ ನಿಧಾನಕ್ಕೆ ರೇಸ್ ಮಾಡಿ ನೋಡಿ. ಕ್ಯಾನಿನಲ್ಲಿ ಚೆನ್ನಾಗಿ ಏರಿ, ಟ್ಯಾಂಕಿಗೆ ಜೋಡಿಸಿದಾಗ ಮುಗ್ಗರಿಸಿದರೆ ದೋಷ ಟ್ಯಾಂಕಿನಿಂದ ಫೀಡ್ ಪಂಪಿನ ನಡುವೆ ಇದೆ, ಪಂಪ್ ನಿರಪರಾಧಿ. ಅಂದಹಾಗೆ, ನಮ್ಮ ಕಡೆ ಇದನ್ನು ಇನ್ನೂ ಮೈಕೋ ಪಂಪ್ ಎನ್ನುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಗ್ಯಾರೇಜಿನ ಬಾಯಲ್ಲಿ ಬದಲಾಗಲಿಲ್ಲ. ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿ ‘ಪಿಕಪ್ ಜಾಸ್ತಿ’ ಮಾಡಿಕೊಡುತ್ತೇವೆ ಎನ್ನುವವರಿಗೆ ಗಾಡಿ ಕೊಡಬೇಡಿ. ಆ ಕೆಲಸ ಆಗಬೇಕಿರುವುದು ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಮಾತ್ರ.

ಟ್ಯಾಪೆಟ್ ಗ್ಯಾಪ್ ಹೊಂದಿಸುವುದನ್ನು ನೀವೇ ಮಾಡಬಹುದು. ಎಷ್ಟು ಗ್ಯಾಪ್ ಎಂಬುದನ್ನು ನಿಮ್ಮ ಎಂಜಿನ್ನಿನ ಮ್ಯಾನುಯಲ್ ನೋಡಿಯೇ ಇಡಿ, ಪಕ್ಕದ ಗಾಡಿಯ ಅಳತೆ ಬೇಡ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಎಂಜಿನ್ ತಣ್ಣಗಿರುವಾಗ ಕೈಯಿಂದ ತಿರುಗಿಸುತ್ತಾ, ನಾಲ್ಕನೆಯ ಸಿಲಿಂಡರಿನಲ್ಲಿ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುವ ಹೊತ್ತಿಗೆ (ಇದನ್ನೇ ತೂಗುವುದು ಎನ್ನುತ್ತಾರೆ) ನಿಲ್ಲಿಸಿ, ಒಂದನೆಯದರ ಎರಡೂ ವಾಲ್ವ್ ಹೊಂದಿಸಿ. ಅರ್ಧ ಸುತ್ತು ತಿರುಗಿಸಿದರೆ ಎರಡನೆಯದು ತೂಗುತ್ತದೆ, ಆಗ ಮೂರನೆಯದನ್ನು ಹೊಂದಿಸಿ. ಮುಂದಿನ ಅರ್ಧ ಸುತ್ತಿಗೆ ಒಂದನೆಯದು ತೂಗಿದಾಗ ನಾಲ್ಕನೆಯದು, ಕೊನೆಗೆ ಮೂರನೆಯದು ತೂಗಿದಾಗ ಎರಡನೆಯದು. ಗೇಜ್ ಬ್ಲೇಡ್ ಬೆಣ್ಣೆಯಲ್ಲಿ ಚಾಕು ಎಳೆದಂತೆ ತುಸು ತಡೆದು ಜಾರಬೇಕು. ಲಾಕ್ ನಟ್ಟು ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಗ್ಯಾಪ್ ಕದಲುತ್ತದೆ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ, ಬಿಳಿ ಪಕಳೆ ಕಟ್ಟಿ ಕೊಳವೆಗಳನ್ನು ಮುಚ್ಚುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ. ಹಿಚುಕಿದರೆ ಮೆತ್ತಗಾದ ಹೋಸ್ ಬದಲಿಸಿ. ಫ್ಯಾನ್ ಬೆಲ್ಟ್ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದು ಸೆಂ.ಮೀ.ನಷ್ಟು ತಗ್ಗಬೇಕು.

ಎಂಜಿನ್ ಹಿಡಿದ ಖುಷಿಯಲ್ಲಿ ರಸ್ತೆಗೆ ಹೋಗುವವರೇ ಹೆಚ್ಚು, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ: ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ನೋಡದೆ ಗಾಡಿ ಶೆಡ್ಡಿನಿಂದ ಹೊರಗೆ ಬರಬಾರದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಮೂರು ವರ್ಷದಲ್ಲಿ ವೀಲ್ ಸಿಲಿಂಡರಿನ ಒಳಮೈ ತುಕ್ಕು ಹಿಡಿದು ಪಿಸ್ಟನ್ ಅಂಟಿಕೊಂಡಿರುತ್ತದೆ. ರಬ್ಬರ್ ಬೂಟನ್ನು ಉಗುರಿನಿಂದ ಎತ್ತಿದಾಗ ಒಳಗೆ ಒದ್ದೆ ಕಂಡರೆ ಸಿಲಿಂಡರ್ ಸೋರುತ್ತಿದೆ. ಒಳಮೈಯಲ್ಲಿ ಉಗುರಿಗೆ ಸಿಗುವ ಗುಳಿ ಇದ್ದರೆ ರಬ್ಬರ್ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ. ಆಯಿಲ್ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಸುಟ್ಟು ಮತ್ತೆ ಹಾಕುವ ರೂಢಿ ಇದೆ. ಬಿಸಿಯಾದಾಗ ಆಯಿಲ್ ಮತ್ತೆ ಮೇಲೆ ಬರುತ್ತದೆ, ಜೋಡಿಯಾಗಿ ಹೊಸದು ಹಾಕಿ. ಮಾಸ್ಟರ್ ಸಿಲಿಂಡರ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ಡಾಟ್ ದರ್ಜೆಯ ದ್ರವವನ್ನೇ, ಸೀಲ್ ಒಡೆಯದ ಬಾಟಲಿಯಿಂದ ಹಾಕಿ. ಎಂಜಿನ್ ಆಯಿಲ್ ಒಂದು ಹನಿ ಬಿದ್ದರೂ ರಬ್ಬರ್ ಊದಿ ಇಡೀ ಬ್ರೇಕ್ ಹಾಳು.

ಬ್ರೇಕಿನ ಏರ್ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಎಡ ಚಕ್ರ ಮೊದಲು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಿಪ್ಪಲ್‌ಗೆ ಹಾಕಿದ ಪೈಪಿನ ತುದಿ ಬಾಟಲಿಯ ದ್ರವದಲ್ಲಿ ಮುಳುಗಿರಲಿ. ಪೆಡಲ್ ಒತ್ತಿ ಹಿಡಿದಾಗ ಮಾತ್ರ ನಿಪ್ಪಲ್ ತೆರೆಯಿರಿ, ಮುಚ್ಚಿದ ಮೇಲೆಯೇ ಪೆಡಲ್ ಬಿಡಲಿ. ಕೊನೆಗೆ ಬೂಸ್ಟರ್ (ಪೆಡಲ್ ಒತ್ತುವುದನ್ನು ಹಗುರ ಮಾಡುವ ಭಾಗ): ಎಂಜಿನ್ ಆಫ್ ಇರುವಾಗ ಐದಾರು ಸಲ ಒತ್ತಿ, ಪಾದ ಇಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್ ಮತ್ತು ಪಂಪ್ ನೋಡಿ.

ಕ್ಲಚ್ ಒತ್ತಿದರೂ ಗೇರ್ ಬೀಳದೆ ಕರಕರ ಎಂದರೆ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿದೆ. ಗೇರ್‌ಬಾಕ್ಸ್ ಇಳಿಸುವ ಆತುರ ಬೇಡ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ ನಿಲ್ಲಿಸಿ, ಬ್ರೇಕ್ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ, ಮುಂದೆ ಯಾರೂ ಇಲ್ಲದ ಬಯಲಿನಲ್ಲಿ ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿಕೊಂಡೇ ಸೆಲ್ಫ್ ಹೊಡೆಯಿರಿ. ಗಾಡಿ ಹೊರಡುತ್ತದೆ. ಕ್ಲಚ್ ಬಿಡದೆ ಆ್ಯಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದರೆ ಹೆಚ್ಚಿನ ಸಲ ಟಪ್ ಎಂದು ಬಿಡಿಸಿಕೊಳ್ಳುತ್ತದೆ.

ಟಯರ್ ಗೋಡೆಯ ನಾಲ್ಕಂಕಿ ಓದಿ. 2318 ಎಂದಿದ್ದರೆ 2018ರ 23ನೇ ವಾರದ್ದು. ಬಟನ್ (ನೆಲಕ್ಕೆ ತಾಗುವ ಗೆರೆ) ಎಷ್ಟೇ ಇದ್ದರೂ ಗೋಡೆಯಲ್ಲಿ ಬಿರುಕಿದ್ದರೆ ಲೋಡಿಗೆ ನಂಬಬೇಡಿ. ಜಾಯಿಂಟ್ ಕ್ರಾಸ್, ಕಮಾನ್ ಪ್ಲೇಟಿನ ಪಿನ್ ಮತ್ತು ಎಲ್ಲ ಗ್ರೀಸ್ ನಿಪ್ಪಲ್‌ಗಳಿಗೆ ಹಳೇ ಗ್ರೀಸ್ ಹೊರಬರುವ ತನಕ ಒತ್ತಿ. ಗೇರ್‌ಬಾಕ್ಸ್, ಹೌಸಿಂಗ್ (ಹಿಂದಿನ ಡಿಫರೆನ್ಷಿಯಲ್) ಆಯಿಲನ್ನೂ ಬದಲಿಸಿ.

ಕಾಗದಪತ್ರದಲ್ಲಿ ಮುಖ್ಯವಾದದ್ದು ಗಾಡಿ ಓಡಲು ಯೋಗ್ಯ ಎನ್ನುವ ಪ್ರಮಾಣಪತ್ರ, ಎಫ್‌ಸಿ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಅದು ವರ್ಷಕ್ಕೊಮ್ಮೆ. ವಿಮೆ ಇಲ್ಲದೆ ಪರೀಕ್ಷೆಗೂ ಓಡಿಸಿಕೊಂಡು ಹೋಗಬೇಡಿ. ಆರ್‌ಸಿಯಲ್ಲಿ ಒಟ್ಟು ತೂಕ 3,000 ಕೆ.ಜಿ. ಮೀರದಿದ್ದರೆ ಪರ್ಮಿಟ್ ಬೇಡ. ಬಿಎಸ್-4 ಹೊಗೆ ನಿಯಮಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆಯ ಮಿತಿ 65 ಹಾರ್ಟ್‌ರಿಜ್ ಯೂನಿಟ್. ನಾಝಲ್, ಏರ್ ಫಿಲ್ಟರ್, ಟ್ಯಾಪೆಟ್ ಸರಿಯಿದ್ದರೆ ಈ ಎಂಜಿನ್‌ಗೆ ಅದು ಕಷ್ಟವಲ್ಲ.

ಮೊದಲ 50 ಕಿ.ಮೀ. ಖಾಲಿ ಓಡಿಸಿ, ನಿಂತು ನಾಲ್ಕೂ ಚಕ್ರದ ನಡುವೆ ಕೈಯಿಟ್ಟು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿದೆ. ಚಕ್ರದ ನಟ್ಟು ಮತ್ತೆ ಬಿಗಿ ಮಾಡಿ. 500 ಕಿ.ಮೀ.ಗೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಮೂರನ್ನೂ ಬದಲಿಸಿ, ಬಿಸಿ ಎಂಜಿನ್ನಿನಲ್ಲಿ ಕಂಪ್ರೆಷನ್ ಅಳೆಸಿ. ನಾಲ್ಕರ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿಲ್ಲದೆ ಎಲ್ಲವೂ 20 ಬಾರ್ ಮೇಲಿದ್ದರೆ ಕಾಯಿ ತುಂಬಲು ಶುರು ಮಾಡಿ, ಮೊದಲ ವಾರ ಅರ್ಧ ಲೋಡು. ಒಂದು ಸಿಲಿಂಡರ್ ಮಾತ್ರ ಕೆಳಗಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿ. ರೀಡಿಂಗ್ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ವಾಲ್ವ್ ಆದರೆ ಹೆಡ್ ಮಾತ್ರ ಇಳಿಸಿದರೆ ಸಾಕು, ಬೋರ್ ಮಾತು ಅಲ್ಲಿ ಬರುವುದೇ ಇಲ್ಲ.